ಇನ್ನೂರ ಹದಿನಾಲ್ಕನೇ ಸಹಿ

“ಇದನ್ನ ಯಾರು ಹಾಕಿದ್ದು?”

ಅಮ್ಮನ ಕೈಯಲ್ಲಿ ದಪ್ಪನೆಯ ನೀಲಿ ಪುಸ್ತಕ ತೆರೆದುಕೊಂಡಿತ್ತು. ಅವಳ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತ್ತು. ಬಾಗಿಲ ಹತ್ತಿರ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದ ಅಪ್ಪ ತಲೆ ಎತ್ತಿದ.

ಬೆಳಗ್ಗೆ ಎದ್ದಾಗಿನಿಂದ ಮಗಳು ರೇಡಿಯೊ ಈ ಪ್ರಶ್ನೆಗೇ ಕಾಯುತ್ತಿದ್ದಳು.

“ನಾನೇ!” ಎಂದು ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. “ಚೆನ್ನಾಗಿದೆ ಅಲ್ವಾ? ರಫ್ ಬುಕ್ಕಲ್ಲಿ ನಲವತ್ತು ಸಲ ಪ್ರಾಕ್ಟೀಸ್ ಮಾಡ್ದೆ. ಕೊನೇಲಿ ಒಂದು ಬಾಲ ಇದೆಯಲ್ಲ, ಅದೇ ಕಷ್ಟ ಆಗಿದ್ದು.”

ಅವಳ ನಿಜವಾದ ಹೆಸರು ಬೇರೆ. ಆದರೆ ಒಮ್ಮೆ ಮಾತು ಶುರುವಾದರೆ ಆಫ್ ಮಾಡುವ ಬಟನ್ನೇ ಇರಲಿಲ್ಲವಾದ್ದರಿಂದ ಮನೆಯಲ್ಲೂ ಬೀದಿಯಲ್ಲೂ ಅವಳು ರೇಡಿಯೊ ಆಗಿಬಿಟ್ಟಿದ್ದಳು. ಮಾತು ಬಿಟ್ಟರೆ ಅವಳಿಗೆ ಬರುತ್ತಿದ್ದ ಇನ್ನೊಂದು ವಿದ್ಯೆ ಎಂದರೆ ಬೇರೆಯವರ ಅಕ್ಷರವನ್ನು ಹಾಗೇ ಇಳಿಸುವುದು. ಅಪ್ಪನ ಕೋಳಿ ಕೆದಕಿದಂಥ ಅಕ್ಷರವನ್ನೂ ಬಿಡುತ್ತಿರಲಿಲ್ಲ. ಅದನ್ನು ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇವತ್ತು ಅಮ್ಮ ನಗಲಿಲ್ಲ. ಪುಸ್ತಕ ಹಿಡಿದುಕೊಂಡೇ ನೆಲದ ಮೇಲೆ ಕುಕ್ಕರಿಸಿದಳು.

ಅಮ್ಮ ಕೆಲಸ ಮಾಡುತ್ತಿದ್ದದ್ದು ವಿಮಾನ ರಿಪೇರಿ ಮಾಡುವ ದೊಡ್ಡ ಹ್ಯಾಂಗರ್‌ನಲ್ಲಿ. ಅಲ್ಲಿ ಅವಳು ಸ್ಪ್ಯಾನರ್ ಹಿಡಿಯಬಹುದಿತ್ತು. ಆದರೆ ‘ಕೆಲಸ ಸರಿಯಾಗಿದೆ, ಈ ವಿಮಾನ ಹಾರಬಹುದು’ ಎಂದು ಸಹಿ ಹಾಕುವಂತಿರಲಿಲ್ಲ. ಅದಕ್ಕೆ ಲೈಸೆನ್ಸ್ ಬೇಕು. ಲೈಸೆನ್ಸ್ ಏನು ಸುಮ್ಮನೆ ಸಿಗುತ್ತದೆಯೇ? ಮೊದಲು ಟ್ರೈನಿಂಗ್. ಆಮೇಲೆ ಒಂದರ ಹಿಂದೆ ಒಂದು ಪರೀಕ್ಷೆ. ಒಂದೊಂದರಲ್ಲೂ ನೂರಕ್ಕೆ ಎಪ್ಪತ್ತೈದು ಬರಲೇಬೇಕು. ಬಸ್ಸಿನಲ್ಲಿ, ಒಲೆಯ ಮುಂದೆ, ಬಟ್ಟೆ ಒಣಹಾಕುವಾಗ ಓದಿ ಓದಿ ಅಮ್ಮ ಅಷ್ಟನ್ನೂ ಪಾಸು ಮಾಡಿದ್ದಳು.

ಉಳಿದದ್ದು ಅನುಭವ. ಅದಕ್ಕೇ ಈ ನೀಲಿ ಪುಸ್ತಕ. ಕೈಯಾರೆ ಮಾಡಿದ ಒಂದೊಂದು ಕೆಲಸಕ್ಕೂ ಒಂದೊಂದು ಸಾಲು. ಪಕ್ಕದಲ್ಲಿ ನಿಂತು ನೋಡಿದ ಎಂಜಿನಿಯರ್, ಅಂದರೆ ಅಮ್ಮನ ‘ಸರ್’, ಆ ಸಾಲಿಗೆ ಸಹಿ ಹಾಕಬೇಕು. ಎರಡು ವರ್ಷದಲ್ಲಿ ಇನ್ನೂರ ಹದಿಮೂರು ಸಾಲಿಗೆ ಸಹಿ ಬಿದ್ದಿತ್ತು. ಬಾಕಿ ಇದ್ದದ್ದು ಕೊನೆಯ ಸಾಲು, ‘ಚಕ್ರ ಬದಲಾವಣೆ’. ಇವತ್ತು, ಶನಿವಾರ, ಮಧ್ಯಾಹ್ನ ಒಂದು ಗಂಟೆಯೊಳಗೆ ಪುಸ್ತಕ ಲೈಸೆನ್ಸ್ ಆಫೀಸಿಗೆ ತಲುಪಬೇಕು. ತಪ್ಪಿದರೆ ಇನ್ನು ಆರು ತಿಂಗಳು ಕಾಯಬೇಕು.

“ನೀನೇ ಅಂದ್ಯಲ್ಲಮ್ಮಾ,” ರೇಡಿಯೊಳ ದನಿ ಸಣ್ಣದಾಯಿತು. “ನಿನ್ನೆ ಸಂಜೆ ಅಪ್ಪನ ಹತ್ರ. ಅದೊಂದು ಸಹಿ ಇಲ್ದೆ ಪುಸ್ತಕ ಹೋಗಲ್ಲ ಅಂತ.”

“ಆಮೇಲೆ ಏನಂದೆ?”

ಆಮೇಲಿನದು ರೇಡಿಯೊಗೆ ಗೊತ್ತಿರಲಿಲ್ಲ. ಅರ್ಧ ಕೇಳಿ ಓಡುವುದು ಅವಳ ಹಳೇ ಚಾಳಿ.

“ನಾಳೆ ಹತ್ತು ಗಂಟೆಗೆ ಒಂದು ಚಕ್ರ ಬದಲಾಯಿಸೋದಿದೆ, ಸರ್ ನನಗೇ ಕೊಟ್ಟಿದ್ದಾರೆ, ಅವರ ಮುಂದೆ ಮಾಡಿ ಸಹಿ ಹಾಕಿಸ್ಕೊಂಡು ಸೀದಾ ಆಫೀಸಿಗೆ ಹೋಗ್ತೀನಿ ಅಂದೆ. ಅದಕ್ಕೇ ಸಾಲು ಬರೆದಿಟ್ಟಿದ್ದು.”

ರೇಡಿಯೊ ಒಳಗೆ ಓಡಿ ಅಪ್ಪನ ಮೇಜಿನಿಂದ ವೈಟ್ನರ್ ತಂದಳು. “ಅಳಿಸಿಬಿಡ್ತೀನಿ. ಗೊತ್ತೇ ಆಗಲ್ಲ!”

“ಮುಟ್ಬೇಡ!”

ಅಮ್ಮ ಹಾಗೆ ಕಿರುಚಿದ್ದನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ. ವೈಟ್ನರ್ ಬಾಟಲಿ ಕೈಜಾರಿ ಉರುಳಿ ಹೋಯಿತು.

“ಈ ಪುಸ್ತಕದಲ್ಲಿ ಯಾವುದನ್ನೂ ಅಳಿಸೋ ಹಾಗಿಲ್ಲ,” ಅಮ್ಮ ದನಿ ತಗ್ಗಿಸಿದಳು.

ಅಪ್ಪ ಮೆಲ್ಲಗೆ ಪುಸ್ತಕದೊಳಗೆ ಇಣುಕಿದ. “ಅಲ್ಲ ಕಣೇ, ಕೆಲಸ ಹೇಗೂ ಇವತ್ತು ಮಾಡ್ತೀಯ. ಸಹಿ ಅಚ್ಚು ಹೊಡೆದ ಹಾಗಿದೆ. ಹಾಗೇ ಇರ್ಲಿ ಬಿಡು.”

“ರೀ, ನಿಮ್ಮ ಬಸ್ಸಿಗೆ ಬ್ರೇಕ್ ರಿಪೇರಿ ಮಾಡಿದೋನು ‘ಹಾಗೇ ಇರ್ಲಿ ಬಿಡು’ ಅಂದಿದ್ರೆ?”

ಅಪ್ಪ ಸಿಟಿ ಬಸ್ಸಿನ ಡ್ರೈವರ್. ಆಗಲೇ ಪಾಲಿಶ್ ಆಗಿದ್ದ ಶೂಗೇ ಇನ್ನೊಮ್ಮೆ ಪಾಲಿಶ್ ಹಾಕತೊಡಗಿದ.

“ನೀನೂ ಹೊರಡು,” ಅಮ್ಮ ರೇಡಿಯೊಗೆ ಹೇಳಿದಳು. “ಸರ್ ಮುಂದೆ ನೀನೇ ಹೇಳ್ಬೇಕು.”

ಹ್ಯಾಂಗರ್‌ನ ಗೇಟಿನಲ್ಲಿ ರೇಡಿಯೊಳ ಕೊರಳಿಗೆ ‘ವಿಸಿಟರ್’ ಕಾರ್ಡ್ ಹಾಕಿದರು. ಒಂದು ಬದಿಗೆ ಗಾಜಿನ ಗೋಡೆಯ ಪುಟ್ಟ ಆಫೀಸು. ಅಲ್ಲಿ ಸರ್ ಕುಳಿತಿದ್ದರು. ಹಣೆಯ ಮೇಲೆ ಕನ್ನಡಕ, ಒಂದು ಮೊಣಕಾಲಿಗೆ ನೋವಿನ ಪಟ್ಟಿ.

“ಅಂಕಲ್, ನಿಮ್ಮ ಸಹಿ ನಾನು ಹಾಕಿದೀನಿ,” ಎಂದಳು ರೇಡಿಯೊ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಇನ್ನೆಂಟು ವಾಕ್ಯಗಳು ಬಾಯಿಗೆ ಬರಲೇ ಇಲ್ಲ.

ಸರ್ ಮೊದಲು ನಕ್ಕರು. ಅಮ್ಮ ಪುಸ್ತಕ ಬಿಚ್ಚಿ ಮುಂದಿಟ್ಟಳು. ಸರ್ ಕನ್ನಡಕ ಇಳಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನಗು ಮಾಯವಾಗಿತ್ತು.

“ಇದು ನನ್ನ ಸಹಿನೇ ಅಲ್ವೇನಮ್ಮಾ?”

“ಅಲ್ಲ ಸರ್.”

“ನನಗೇ ಗೊತ್ತಾಗ್ತಿಲ್ಲವಲ್ಲ!” ಸರ್ ಹಿಂದಿನ ಪುಟಗಳನ್ನು ಸರಸರ ಮಗುಚಿದರು. ಬೆರಳು ಒಂದೊಂದೇ ಸಹಿಯ ಮೇಲೆ ನಿಂತು ನಿಂತು ಮುಂದೆ ಹೋಯಿತು. “ಇದು ನಾನು ಹಾಕಿದ್ದಾ? ಇದು? ಮರೀ, ಇನ್ನೆಲ್ಲೆಲ್ಲಿ ಹಾಕಿದೀಯ?”

“ಇದೊಂದೇ ಅಂಕಲ್. ದೇವರಾಣೆ.”

“ಹೇಗೆ ನಂಬಲಿ?”

ರೇಡಿಯೊ ಬೇಕಾದಷ್ಟು ಬೈಸಿಕೊಂಡಿದ್ದಳು, ಒಂದೆರಡು ಏಟೂ ತಿಂದಿದ್ದಳು. ಆದರೆ ‘ಹೇಗೆ ನಂಬಲಿ’ ಎಂದು ಯಾರೂ ಕೇಳಿರಲಿಲ್ಲ. ಸರ್ ಬೈಯಲೂ ಇಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದರು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಅವಳು ಹಾಕಿದ್ದು ಒಂದೇ ಸಹಿ, ಅದರಿಂದ ಅಮ್ಮನ ಇನ್ನೂರ ಹದಿಮೂರೂ ಸುಳ್ಳಿನ ಹಾಗೆ ಕಾಣತೊಡಗಿದ್ದವು.

“ಕೆಲಸ ಮಾಡೋ ಮೊದಲೇ ಸಾಲು ಯಾಕೆ ಬರೆದಿಟ್ಟೆ?” ಸರ್ ಈಗ ಅಮ್ಮನ ಕಡೆ ತಿರುಗಿದರು.

“ತಪ್ಪಾಯ್ತು ಸರ್. ಟೈಮ್ ಉಳಿಯುತ್ತೆ ಅಂತ.”

ಅಮ್ಮ ತಲೆ ತಗ್ಗಿಸಿದ್ದಳು. ಅಮ್ಮನೂ ತಪ್ಪಾಯ್ತು ಎನ್ನುವುದನ್ನು ರೇಡಿಯೊ ಬಾಯಿ ಬಿಟ್ಟುಕೊಂಡು ನೋಡಿದಳು.

“ಸರಿ, ಮೊದಲು ಚಕ್ರ,” ಸರ್ ಎದ್ದರು. “ಪುಸ್ತಕದ ವಿಚಾರ ಆಮೇಲೆ.”

ರೇಡಿಯೊ ಗಾಜಿಗೆ ಮೂಗು ಒತ್ತಿ ನಿಂತಳು. ಬಾಗಿಲು ಅರ್ಧ ತೆರೆದಿತ್ತು, ಮಾತೆಲ್ಲ ಕೇಳಿಸುತ್ತಿತ್ತು. ವಿಮಾನದ ಒಂದು ಕಾಲನ್ನು ಜ್ಯಾಕ್ ಕೊಟ್ಟು ಎತ್ತಿದ್ದರು. ಅಮ್ಮ ಸವೆದ ಚಕ್ರ ಬಿಚ್ಚಿದಳು. ರೇಡಿಯೊಳ ಎದೆಯಷ್ಟು ಎತ್ತರದ ಹೊಸ ಚಕ್ರವನ್ನು ಉರುಳಿಸಿ ತಂದು ಕೂರಿಸಿದಳು. ಊಟದ ತಟ್ಟೆಯಷ್ಟಗಲದ ನಟ್ಟು ತಿರುಗಿಸಿ ಉದ್ದನೆಯ ಸ್ಪ್ಯಾನರಿನಿಂದ ಬಿಗಿದಳು. ಬೇಕಾದಷ್ಟು ಬಿಗಿಯಾದ ಕೂಡಲೇ ಆ ಸ್ಪ್ಯಾನರ್ ‘ಟಕ್’ ಎನ್ನುತ್ತದೆ.

ಟಕ್!

ಎಷ್ಟು ಬೇಗ ಮುಗಿಸಿದಳು ಅಮ್ಮ! ಗಡಿಯಾರದಲ್ಲಿ ಇನ್ನೂ ಹನ್ನೊಂದೂವರೆ, ಆಫೀಸಿಗೆ ತಲುಪಲು ಬೇಕಾದಷ್ಟು ಹೊತ್ತಿತ್ತು. ನಟ್ಟು ಸಡಿಲವಾಗದಂತೆ ಹಾಕುವ ಲಾಕಿಗೆ ಅಮ್ಮ ಕೈ ಚಾಚಿದಳು.

“ನಿಲ್ಲು,” ಎಂದರು ಸರ್. “ಬಿಗಿಯುವಾಗ ಚಕ್ರ ತಿರುಗಿಸಿದ್ಯಾ?”

ಅಮ್ಮನ ಕೈ ಗಾಳಿಯಲ್ಲೇ ನಿಂತಿತು. ಅವಳು ಚಕ್ರ ನೋಡಿದಳು, ಸರ್ ಮುಖ ನೋಡಿದಳು.

“ಇಲ್ಲ ಸರ್.”

ರೇಡಿಯೊಗೆ ನಂಬಲಾಗಲಿಲ್ಲ. ಪರೀಕ್ಷೆಗೆ ಮುಂಚೆ ಅಮ್ಮನಿಗೆ ಪ್ರಶ್ನೆ ಕೇಳುತ್ತಿದ್ದವಳು ಅವಳೇ. ‘ಚಕ್ರದ ನಟ್ಟು ಬಿಗಿಯುವಾಗ ಏನು ಮಾಡಬೇಕು?’ ‘ಚಕ್ರ ತಿರುಗಿಸುತ್ತಲೇ ಇರಬೇಕು. ಒಮ್ಮೆ ಬಿಗಿದು, ಸಡಿಲಿಸಿ, ಮತ್ತೆ ಬಿಗಿಯಬೇಕು. ಆಗಲೇ ಒಳಗಿನ ಬೇರಿಂಗ್ ತನ್ನ ಜಾಗದಲ್ಲಿ ಕೂರುತ್ತದೆ.’ ಅಮ್ಮ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಆ ಪೇಪರಿನಲ್ಲಿ ತೊಂಬತ್ತೆರಡು ಬಂದಿತ್ತು.

ಅಮ್ಮ ಎಲ್ಲವನ್ನೂ ಬಿಚ್ಚಿ ಮೊದಲಿಂದ ಶುರು ಮಾಡಿದಳು. ಈ ಸಲ ಇನ್ನೊಬ್ಬ ಮೆಕ್ಯಾನಿಕ್ ಚಕ್ರ ತಿರುಗಿಸುತ್ತಿದ್ದ, ಅಮ್ಮ ಬಿಗಿಯುತ್ತಿದ್ದಳು. ಕೊನೆಗೆ ಸರ್ ನೋಯುವ ಮೊಣಕಾಲನ್ನು ನೆಲಕ್ಕೆ ಊರಿ ಕುಳಿತರು. ತಮ್ಮ ಕೈಯಿಂದಲೇ ಚಕ್ರ ತಿರುಗಿಸಿ ಕಿವಿ ಕೊಟ್ಟು ಕೇಳಿದರು. ಇನ್ನೊಮ್ಮೆ ತಿರುಗಿಸಿದರು. ಎದ್ದು, ಕೈ ಒರೆಸಿಕೊಂಡು, ವಿಮಾನದ ಫೈಲಿನಲ್ಲಿ ಸಹಿ ಹಾಕಿದರು.

ನೀಲಿ ಪುಸ್ತಕಕ್ಕೆ ಹಾಕಲಿಲ್ಲ.

“ಇವತ್ತು ನಾನು ಹೇಳಿದ ಮೇಲೆ ಮಾಡಿದೆ,” ಎಂದರು ಒಳಗೆ ಬಂದು. “ಹೇಳದೆ ಮಾಡಿದ ದಿನ ಹಾಕ್ತೀನಿ. ಉಳಿದ ಇನ್ನೂರ ಹದಿಮೂರನ್ನೂ ಸೋಮವಾರದಿಂದ ಕೂತು ವಿಮಾನಗಳ ಫೈಲಿನ ಜೊತೆ ಹೋಲಿಸೋಣ. ಅದು ಮುಗಿಯದೆ ಈ ಪುಸ್ತಕ ಎಲ್ಲಿಗೂ ಹೋಗಲ್ಲ.”

“ಸರಿ ಸರ್,” ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು.

ಸರ್ ಹೊರಗೆ ಹೋದ ಮೇಲೆ ರೇಡಿಯೊ ಕೇಳಿದಳು, “ಆರು ತಿಂಗಳು ಹೋಯ್ತಲ್ಲಮ್ಮಾ. ನನ್ನಿಂದಾನಾ?”

“ಅರ್ಧ ನಿನ್ನಿಂದ. ಅರ್ಧ ನನ್ನಿಂದ.”

“ನಿಂಗೆ ಅದು ಗೊತ್ತಿತ್ತಲ್ಲ! ನಾನೇ ಪ್ರಶ್ನೆ ಕೇಳಿದೀನಿ!”

“ಬಾಯಿಗೆ ಬರ್ತಿತ್ತು. ಕೈಗೆ ಇನ್ನೂ ಬಂದಿಲ್ಲ, ನೋಡು.”

“ತಿರುಗಿಸದೆ ಹಾಗೇ ಬಿಟ್ಟಿದ್ರೆ ಏನಾಗ್ತಿತ್ತು?”

“ಓಡ್ತಾ ಓಡ್ತಾ ಒಳಗೆ ಬಿಸಿಯಾಗುತ್ತೆ. ಚಕ್ರ ಕಳಚಿದ್ರೂ ಕಳಚಬಹುದು.”

ಅಮ್ಮ ಪೆನ್ನು ತೆಗೆದು ಕೊನೆಯ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದಳು. ಪಕ್ಕದಲ್ಲಿ ‘ಈ ಸಹಿ ನಿಜವಲ್ಲ’ ಎಂದು ಬರೆದು ತಾರೀಖು ಹಾಕಿದಳು. ಗೆರೆಯ ಕೆಳಗೆ ಎಲ್ಲವೂ ಹಾಗೇ ಓದಲು ಬರುತ್ತಿತ್ತು. ರೇಡಿಯೊ ನಾಚಿಕೆಯಿಂದ ಮುಖ ತಿರುಗಿಸಿದಳು.

ಹೊರಗೆ ಒಂದು ಪುಟ್ಟ ಟ್ರ್ಯಾಕ್ಟರ್ ವಿಮಾನವನ್ನು ಮೆಲ್ಲಗೆ ಬಿಸಿಲಿಗೆ ಎಳೆಯುತ್ತಿತ್ತು.

“ಅದು ಯಾವಾಗ ಹಾರುತ್ತೆ?”

“ಸಂಜೆ.”

“ಎಷ್ಟು ಜನ?”

“ನೂರ ಎಂಬತ್ತು.”

ರೇಡಿಯೊ ಲೆಕ್ಕ ಹಾಕಿದಳು. ಕ್ಲಾಸಿಗೆ ಮೂವತ್ತರಂತೆ ಅವಳ ಶಾಲೆಯ ಆರು ಕ್ಲಾಸು. ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳಿಂದ ಹಿಡಿದು ಆರನೇ ಕ್ಲಾಸಿನ ಉದ್ದುದ್ದ ಅಕ್ಕಂದಿರವರೆಗೆ ಎಲ್ಲರೂ ಸಾಲಾಗಿ ಒಳಗೆ ಕೂತ ಹಾಗೆ ಕಂಡಿತು.

“ಅಮ್ಮಾ, ಆ ಚಕ್ರಕ್ಕೆ ಹಾಕಿರೋ ಸಹಿ ಸರ್‌ದೇ ತಾನೆ? ಅವರೇ ಹಾಕಿದ್ದು ತಾನೆ?”

“ನೀನೇ ನೋಡ್ದೆಯಲ್ಲ.”

ಹೌದು, ನೋಡಿದ್ದಳು. ಅವರು ಕಷ್ಟಪಟ್ಟು ಮೊಣಕಾಲೂರಿದ್ದು, ಚಕ್ರ ತಿರುಗಿಸಿದ್ದು, ಕಿವಿ ಕೊಟ್ಟು ಕೇಳಿದ್ದು, ಇನ್ನೊಮ್ಮೆ ತಿರುಗಿಸಿದ್ದು ಎಲ್ಲವನ್ನೂ ಕಣ್ಣಾರೆ ನೋಡಿದ್ದಳು. ಪೆನ್ನು ಓಡಿದ್ದು ಕೊನೆಯಲ್ಲಿ, ಒಂದೇ ಒಂದು ಕ್ಷಣ.