ಕತ್ತೆಯೋ ಬಾತುಕೋಳಿಯೋ

"ಮಿಂಚ್ತಾ ಇದೆ," ಎಂದಳು ಬುರುಡೆ ತನ್ನಷ್ಟಕ್ಕೆ ತಾನೇ. ಪಾತ್ರೆ ಉಜ್ಜುವ ನಾರನ್ನು ಇನ್ನೊಮ್ಮೆ ಸೋಪಿನಲ್ಲಿ ಅದ್ದಿ, ಮಂಡಿಯೂರಿ ಕುಳಿತು, ತಗಡನ್ನು ಗಸಗಸ ತಿಕ್ಕತೊಡಗಿದಳು.

ತಗಡು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಿತ್ತು. ಅದರ ಒಂದು ಅಂಚು ಹರಿದಿತ್ತು, ಇನ್ನೊಂದು ಅಂಚಿನಲ್ಲಿ ಸಾಲಾಗಿ ತೂತುಗಳಿದ್ದವು. ನಿನ್ನೆ ಸಂಜೆ ಸಮುದ್ರದ ತಳದಿಂದ ಮೇಲೆ ಬಂದಾಗ ಪಾಚಿ, ಕೆಸರು, ಚಿಪ್ಪು ಎಲ್ಲ ಮೆತ್ತಿಕೊಂಡು, ಯಾರೂ ಕಾಲಲ್ಲೂ ಮುಟ್ಟಬಾರದು ಅನ್ನುವ ಹಾಗಿತ್ತು. ಈಗ ಅದರಲ್ಲಿ ಬುರುಡೆಯ ಮುಖ ಕಾಣುತ್ತಿತ್ತು. ಮೂಗಿನ ತುದಿಗೆ ಹತ್ತಿದ್ದ ನೊರೆಯೂ ಕಾಣುತ್ತಿತ್ತು.

ಅವಳ ನಿಜವಾದ ಹೆಸರು ಹಾಜರಿ ಕರೆಯುವ ಟೀಚರಿಗೆ ಮಾತ್ರ ನೆನಪಿತ್ತು. ಉಳಿದವರಿಗೆಲ್ಲ ಅವಳು ಬುರುಡೆ. ಹೆಸರು ಸುಮ್ಮನೆ ಬಂದದ್ದಲ್ಲ. ಬೀದಿನಾಯಿ ಒಮ್ಮೆ ಗುರ್ರೆಂದರೆ ಅವಳ ಬಾಯಲ್ಲಿ ಅದು ತೋಳವಾಗಿ, ತೋಳದ ಹಿಂದೆ ಅದರ ಸಂಸಾರವೂ ಬರುತ್ತಿತ್ತು. ಸಣ್ಣ ಜ್ವರ ಬಂದು ರಜೆ ಹಾಕಿದ್ದಕ್ಕೆ, "ಡಾಕ್ಟರೇ ಕೈ ಚೆಲ್ಲಿಬಿಟ್ಟಿದ್ರು" ಎಂದು ಹೇಳಿ ಕ್ಲಾಸಿನ ಅರ್ಧ ಮಕ್ಕಳನ್ನು ಅಳಿಸಿದ್ದಳು. ಬುರುಡೆ ಬಿಡುವುದರಲ್ಲಿ ಅವಳನ್ನು ಮೀರಿಸುವವರು ಆ ಸ್ಕೂಲಿನಲ್ಲಿ ಹುಟ್ಟಿರಲಿಲ್ಲ.

ತೊಂದರೆ ಏನೆಂದರೆ, ಇವತ್ತು ಅವಳು ನಿಜ ಹೇಳಿದ್ದಳು.

"ನಮ್ಮನೇಲಿ ಬಾಂಬರ್ ಪ್ಲೇನ್ ಇದೆ," ಎಂದಿದ್ದಳು ಕ್ಲಾಸಿನಲ್ಲಿ. "ಯುದ್ಧದ ಕಾಲದ್ದು. ಟಬ್ಬಲ್ಲಿ ನೆನೆಹಾಕಿದೀವಿ."

ಪಕ್ಕದ ಬೆಂಚಿನ ಗುಂಡ ನಕ್ಕು ನಕ್ಕು ಕೆಳಗೆ ಜಾರಿದ. "ನೆನೆಹಾಕಿದೀರಾ? ಬೆಳಿಗ್ಗೆ ಒಗೆದು ಹಗ್ಗದ ಮೇಲೆ ಹಾಕ್ತೀರಾ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರ್ ಕೂಡ ಕರ್ಚೀಫಿನ ಹಿಂದೆ ನಕ್ಕರು. ಬುರುಡೆಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳಿದಾಗ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ಅಪರೂಪಕ್ಕೆ ನಿಜ ಹೇಳಿದರೆ ನಗುತ್ತಾರೆ. "ನಾಳೆ ಒಂದು ತುಂಡು ತರ್ತೀನಿ, ನೋಡ್ತಿರಿ," ಎಂದುಬಿಟ್ಟಳು.

ಪಾಚಿ ಹಿಡಿದ ತಗಡು ತೆಗೆದುಕೊಂಡು ಹೋದರೆ ಗುಂಡ ಅದನ್ನು ಹಳೇ ಬಕೆಟ್ಟು ಅನ್ನುತ್ತಾನೆ. ವಿಮಾನ ಅಂದಮೇಲೆ ವಿಮಾನದ ಹಾಗೆ ಮಿರಮಿರ ಮಿಂಚಬೇಕು. ಹಾಗಾಗಿ ಈ ಉಜ್ಜಾಟ.

ಬುರುಡೆಯ ಅಮ್ಮ ಮುಳುಗುಗಾರ್ತಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿದು, ಅಲ್ಲಿ ಬಿದ್ದಿರುವ ಹಳೆಯ ಹಡಗು, ವಿಮಾನಗಳು ಯಾವುವು ಎಂದು ಗುರುತು ಹಿಡಿಯುವುದು ಅವಳ ಕೆಲಸ. ಮಾವ, ಅಂದರೆ ಅಮ್ಮನ ತಮ್ಮ, ದೋಣಿ ನಡೆಸುತ್ತಿದ್ದ. ಮೇಲೆ ತಂದ ತುಂಡುಗಳೆಲ್ಲ ಮನೆಯ ಹಿಂದಿನ ಶೆಡ್ಡಿನಲ್ಲಿ, ನೀಲಿ ಪ್ಲಾಸ್ಟಿಕ್ ಟಬ್ಬುಗಳಲ್ಲಿ, ಸಿಹಿನೀರಿನಲ್ಲಿ ಮುಳುಗಿರುತ್ತಿದ್ದವು. ಲೋಹಕ್ಕೆ ಹತ್ತಿದ ಉಪ್ಪು ನಿಧಾನವಾಗಿ ಬಿಡಬೇಕಂತೆ. ಶೆಡ್ಡಿನ ಬಾಗಿಲಿನ ಮೇಲೆ ಅಮ್ಮ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ಒಣಗಿಸಬೇಡಿ, ಉಜ್ಜಬೇಡಿ, ಮುಟ್ಟಲೇಬೇಡಿ. ಬುರುಡೆ ಅದನ್ನು ದಿನಾ ಓದುತ್ತಿದ್ದಳು. ಅದು ಮಾವನಿಗೆ ಬರೆದದ್ದು ಎಂದುಕೊಂಡಿದ್ದಳು.

ಹೊರಗೆ ಜೀಪಿನ ಹಾರ್ನ್ ಕೇಳಿಸಿತು. ಬುರುಡೆ ಗಡಬಡಿಸಿ ತಗಡನ್ನು ಟಬ್ಬಿಗೆ ಹಾಕಿದಳು. ಕಪ್ಪು ಕಪ್ಪು ತುಂಡುಗಳ ನಡುವೆ ಅದೊಂದು ಹೊಸ ಚಮಚದಂತೆ ಥಳಥಳ ಎಂದಿತು. ಮೇಲೆ ಸ್ವಲ್ಪ ಕೆಸರು ಎರಚಿ ನೋಡಿದಳು, ಕೆಸರು ಜಾರಿಹೋಯಿತು.

ಜೀಪಿನಿಂದ ಒಬ್ಬ ಹಣ್ಣುಹಣ್ಣು ಮುದುಕಿ ಇಳಿಯುತ್ತಿದ್ದಳು. ಕೈಯಲ್ಲಿ ಕೋಲು, ಕುತ್ತಿಗೆಯಲ್ಲಿ ನೇತುಹಾಕಿದ ಕನ್ನಡಕ. "ದಾರೀಲಿ ಒಂದು ಗುಂಡಿನೂ ಬಿಡ್ಲಿಲ್ಲವಲ್ಲಪ್ಪ," ಎಂದು ಮಾವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. "ಎಲ್ಲವನ್ನೂ ಮಾತಾಡಿಸ್ಕೊಂಡೇ ಬಂದೆ."

ಬುರುಡೆಗೆ ಅಜ್ಜಿ ತಕ್ಷಣ ಇಷ್ಟವಾದಳು.

ಈ ಅಜ್ಜಿ ಯಾಕೆ ಬಂದಳೆಂದು ಬುರುಡೆಗೆ ಗೊತ್ತಿತ್ತು. ಹಳೆಯ ಯುದ್ಧದ ಕಾಲದಲ್ಲಿ, ಒಂದು ಬಿರುಗಾಳಿಯ ದಿನ, ಎರಡು ಬಾಂಬರ್ ವಿಮಾನಗಳು ಈ ಸಮುದ್ರದ ಮೇಲೆ ಹಾರಿ ಹೋಗಿ ಎರಡೂ ಕಾಣೆಯಾಗಿದ್ದವು. ಒಳಗಿದ್ದವರು ಯಾರೂ ಹಿಂದಿರುಗಲಿಲ್ಲ. ಒಂದರಲ್ಲಿ ಅಜ್ಜಿಯ ಅಣ್ಣ ಇದ್ದ. ಈಗ ಅಮ್ಮನಿಗೆ ಸಿಕ್ಕಿರುವುದು ಆ ಎರಡರಲ್ಲಿ ಒಂದು. ಯಾವುದು ಎನ್ನುವುದೇ ಪ್ರಶ್ನೆ. ಎರಡೂ ಒಂದೇ ಕಂಪನಿಯವು, ಒಂದೇ ಮಾಡೆಲ್ಲಿನವು, ನಂಬರುಗಳನ್ನೆಲ್ಲ ಉಪ್ಪುನೀರು ತಿಂದುಹಾಕಿತ್ತು. ಇದ್ದ ವ್ಯತ್ಯಾಸ ಒಂದೇ. ವಿಮಾನದಲ್ಲಿದ್ದ ಹುಡುಗರು ಅದರ ಮೂತಿಯ ಮೇಲೆ ತಮಗೆ ತೋಚಿದ ಚಿತ್ರ ಬರೆದುಕೊಂಡಿದ್ದರು. ಒಂದರ ಮೇಲೆ ಕತ್ತೆ, ಇನ್ನೊಂದರ ಮೇಲೆ ಬಾತುಕೋಳಿ.

ಅಜ್ಜಿ ಶೆಡ್ಡಿನ ಸ್ಟೂಲಿನ ಮೇಲೆ ಕುಳಿತು ಬ್ಯಾಗಿನಿಂದ ಒಂದು ಫೋಟೋ ತೆಗೆದಳು. ಕಪ್ಪು ಬಿಳುಪಿನ ಫೋಟೋ. ಹಲ್ಲು ಕಿಸಿಯುತ್ತ ನಿಂತ ಹುಡುಗರು, ಅವರ ತಲೆಯ ಮೇಲೆ, ವಿಮಾನದ ಮೂತಿಯಲ್ಲಿ ಬರೆದ, ಒದೆಯುತ್ತಿರುವ ಕತ್ತೆ.

"ಇವನೇ ನಮ್ಮಣ್ಣ. ಕಿವಿ ನೋಡು. ಕತ್ತೆದಕ್ಕಿಂತ ಇವನದೇ ಉದ್ದ," ಎಂದಳು ಅಜ್ಜಿ. "ನಂಗಾಗ ನಿನ್ನಷ್ಟೇ ವಯಸ್ಸು. ನನ್ನನ್ನ ಕತ್ತೆ ಅಂತಾನೇ ಕರೀತಿದ್ದ. ನನ್ನ ನೆನಪಿಗೆ ಇದನ್ನ ಬರೆದನಂತೆ. ಬೂದಿ ಬಣ್ಣ ಬಿಟ್ಟು ಬೇರೆ ಸಿಗಲಿಲ್ಲ ಅಂತ ರಜಕ್ಕೆ ಬಂದಾಗ ಬೈಕೋತಿದ್ದ."

"ಇವರೆಲ್ಲ ಬಾಂಬ್ ಹಾಕೋಕೆ ಹೋಗ್ತಿದ್ರಾ?"

"ಹೂ ಚೆಲ್ಲೋಕಂತೂ ಹೋಗ್ತಿರಲಿಲ್ಲ," ಎಂದಳು ಅಜ್ಜಿ. ಫೋಟೋದ ಮೇಲಿದ್ದ ಇಲ್ಲದ ಧೂಳನ್ನು ಸೆರಗಿನಿಂದ ಒರೆಸಿದಳು. "ಬೇಡ ಅಂದ್ರೆ ಬಿಡೋ ಕಾಲ ಅಲ್ಲ ಅದು. ಇವನಿಗಿನ್ನೂ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ."

"ಬಾತುಕೋಳಿ ಕಡೆಯವರು ಯಾರೂ ಇಲ್ವಾ?"

"ಒಬ್ಬ ಇದಾನೆ, ಮುದುಕ. ಅವನ ಅಪ್ಪ ಅದರಲ್ಲಿದ್ದ. ಸಿಕ್ಕಿರೋದು ಬಾತುಕೋಳಿನೇ ಅಂತ ದಿನಾ ಫೋನಲ್ಲಿ ನನ್ನ ಜೊತೆ ಜಗಳ. ಮಂಡಿ ನೋವು ಅಂತ ಬರ್ಲಿಲ್ಲ. ಬಂದಿದ್ರೆ ಇಲ್ಲೇ ಕತ್ತೆ ತೋರಿಸಿ ಬಾಯಿ ಮುಚ್ಚಿಸ್ತಿದ್ದೆ."

ಅಷ್ಟರಲ್ಲಿ ಅಮ್ಮ ಮೆತ್ತನೆಯ ಬ್ರಶ್ಶು, ಕ್ಯಾಮೆರಾ ಎಲ್ಲ ಜೋಡಿಸಿಕೊಂಡು ಟಬ್ಬಿನ ಹತ್ತಿರ ಹೋದಳು. "ನಿನ್ನೆ ಸಿಕ್ಕಿದ್ದು ಮೂತಿಯ ತಗಡೇ ಇರಬೇಕಮ್ಮ. ನಿಮ್ಮೆದುರೇ ಪಾಚಿ ಬಿಡಿಸೋಣ ಅಂತ ಇಟ್ಟಿದ್ದೆ," ಎನ್ನುತ್ತ ಬಗ್ಗಿದವಳು, ಬಗ್ಗಿದಂತೆಯೇ ನಿಂತುಬಿಟ್ಟಳು.

ನಿನ್ನೆ ಊಟದ ಹೊತ್ತಿನಲ್ಲಿ ಅಮ್ಮ ಇದನ್ನೇ ಹೇಳಿದ್ದಳು. ಆಗ ಬುರುಡೆ ಮಾವನಿಗೆ ತೋಳದ ಕತೆ ಹೇಳುವುದರಲ್ಲಿ ಮುಳುಗಿದ್ದಳು.

"ಇದನ್ನ ಉಜ್ಜಿದ್ದು ಯಾರು?" ಎಂದು ಕೇಳಿದಳು ಅಮ್ಮ.

ಮಾವ ಬುರುಡೆಯ ಕಡೆ ತಿರುಗಿದ. "ಮೀನು ಉಜ್ಜಿತು ಅಂತ ಮಾತ್ರ ಹೇಳ್ಬೇಡ."

ಬುರುಡೆ ಅದನ್ನೇ ಹೇಳುವವಳಿದ್ದಳು. "ನಾನೇ," ಎಂದಳು. "ಸ್ಕೂಲಲ್ಲಿ ತೋರಿಸೋಕೆ."

ಅಮ್ಮ ಕೂಗಾಡಲಿಲ್ಲ. ಮಗುಚಿಟ್ಟ ಬಕೆಟ್ಟಿನ ಮೇಲೆ ಕುಸಿದು ಕುಳಿತಳು. "ಇದರ ಮೇಲೆ ಬಣ್ಣ ಇತ್ತು ಕಣೆ," ಎಂದಳು ಮೆಲ್ಲಗೆ. "ಅದೊಂದೇ ಗುರುತು ಉಳಿದಿದ್ದು. ಅದಕ್ಕೋಸ್ಕರ ಎಷ್ಟು ಸಲ ಮುಳುಗಿದೀನಿ ಗೊತ್ತಾ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬುರುಡೆ ನೆಲ ನೋಡುತ್ತ ನಿಂತಳು.

ಕೋಲಿನ ಸದ್ದು ಹತ್ತಿರ ಬಂತು. "ಮಗೂ," ಎಂದಳು ಅಜ್ಜಿ, "ಉಜ್ಜೋವಾಗ ಏನಾದ್ರೂ ಕಾಣಿಸ್ತಾ? ಉದ್ದಕ್ಕೆ, ಕಿವಿ ಥರ?"

ಕಾಣಿಸಿತ್ತು. ಬುರುಡೆಗೆ ಈಗ ಚೆನ್ನಾಗಿ ನೆನಪಾಯಿತು. ಪಾಚಿ ಒಮ್ಮೆಲೇ ಕಳಚಿಕೊಂಡಾಗ ಕೆಳಗೆ ಹಳದಿಯದು ಏನೋ ಇತ್ತು. ಮೂರು ಬೆರಳು, ಬೆರಳುಗಳ ನಡುವೆ ಚರ್ಮ. ಹಾಳು ಕಲೆ ಎಂದುಕೊಂಡು ಇನ್ನೂ ಜೋರಾಗಿ ಉಜ್ಜಿದ್ದಳು. ಕತ್ತೆಗೆ ಬೆರಳಿರುವುದಿಲ್ಲ.

ಆದರೆ ತಗಡು ಈಗ ಪಳಪಳ ಬೋಳಾಗಿತ್ತು. ಅದರ ಮೇಲೆ ಏನಿತ್ತು ಎಂದು ಇಡೀ ಲೋಕದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. "ಹೂಂ ಅಜ್ಜಿ, ಕಿವಿ ಇತ್ತು" ಎಂದುಬಿಟ್ಟರೆ ಮುಗಿಯಿತು. ಅಜ್ಜಿಗೆ ಅಣ್ಣ ಸಿಗುತ್ತಾನೆ. ಅಮ್ಮನ ಮುಖ ಅರಳುತ್ತದೆ. ಉಜ್ಜಿದ ತಪ್ಪು ಯಾರಿಗೂ ನೆನಪಿರುವುದಿಲ್ಲ. ಬುರುಡೆಯ ನಾಲಿಗೆಯ ತುದಿಯಲ್ಲಿ ಕಿವಿ ಆಗಲೇ ಬೆಳೆಯತೊಡಗಿತ್ತು. ಬೂದಿ ಬಣ್ಣದ್ದು, ಉದ್ದನೆಯದು, ಒಂದು ನೆಟ್ಟಗೆ, ಇನ್ನೊಂದು ಮಡಿಚಿದ್ದು. ಕಿವಿಯೊಳಗಿನ ಕೂದಲು ಕೂಡ ತಯಾರಿತ್ತು.

ತಲೆ ಎತ್ತಿ ಅಜ್ಜಿಯ ಮುಖ ನೋಡಿದಳು.

ಅವಳ ಕತೆ ಕೇಳುವವರ ಮುಖಗಳು ಬುರುಡೆಗೆ ಚೆನ್ನಾಗಿ ಪರಿಚಯ. ತುಟಿಯ ಮೂಲೆಯಲ್ಲಿ ಯಾವಾಗಲೂ ಒಂದು ಸಣ್ಣ ನಗು ಇರುತ್ತಿತ್ತು, ಬಿಡು ಬಿಡು ಇನ್ನೂ ಬಿಡು ಎನ್ನುವ ಹಾಗೆ. ಅಜ್ಜಿಯ ಮುಖದಲ್ಲಿ ಅದಿರಲಿಲ್ಲ. ಇವರು ನಂಬಿಬಿಡುತ್ತಾರೆ, ಅನ್ನಿಸಿತು ಬುರುಡೆಗೆ. ಏನು ಹೇಳಿದರೂ ನಂಬಿಬಿಡುತ್ತಾರೆ. ಅವಳಿಗೆ ಹೆದರಿಕೆಯಾಯಿತು.

"ಕಿವಿ ಇರಲಿಲ್ಲ ಅಜ್ಜಿ," ಎಂದಳು. "ಕಾಲಿತ್ತು. ಹಳದಿ ಕಾಲು. ಮೂರು ಬೆರಳು, ಮಧ್ಯೆ ಚರ್ಮ."

ಮಾವ ತಲೆ ಅಲ್ಲಾಡಿಸಿದ. "ಅಕ್ಕಾ, ಇವಳ ಮಾತು ಕಟ್ಕೊಂಡು ರಿಪೋರ್ಟ್ ಕಳಿಸ್ಬೇಡ. ನಾಳೆ ಆ ಕಾಲಿಗೆ ಬೂಟ್ಸೂ ಬರುತ್ತೆ."

ಬುರುಡೆಗೆ ಅಳು ಬಂತು. ಮಾವನ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ, ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಆಗ ಅವಳಿಗೆ ಏನೋ ಹೊಳೆಯಿತು. ಓಡಿಹೋಗಿ, ನಲ್ಲಿಯ ಹತ್ತಿರ ಬಿಸಾಕಿದ್ದ ನಾರನ್ನು ಎತ್ತಿಕೊಂಡು ಬಂದು ಅಮ್ಮನ ಮುಂದೆ ಹಿಡಿದಳು. ನೊರೆ ಒಣಗಿದ ಎಳೆಗಳ ನಡುವೆ ಅಲ್ಲಲ್ಲಿ ಹಳದಿ ಚೂರುಗಳು ಸಿಕ್ಕಿಕೊಂಡಿದ್ದವು.

ಅಮ್ಮ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದಳು. ಒಂದು ಚೂರನ್ನು ಚಿಮಟಿಗೆಯಲ್ಲಿ ಎತ್ತಿ ಗಾಜಿನ ಮೇಲಿಟ್ಟು ಮತ್ತೆ ನೋಡಿದಳು. "ಬಣ್ಣವೇ," ಎಂದಳು ಕೊನೆಗೆ. "ಹಳೇ ಬಣ್ಣ. ನಮ್ಮನೇ ಪಾತ್ರೆಗಳಲ್ಲಿ ಹಳದಿ ಯಾವುದೂ ಇಲ್ಲ." ಅಜ್ಜಿಯ ಕಡೆ ನೋಡಲು ಅವಳಿಗೆ ಆಗಲಿಲ್ಲ.

ಅಜ್ಜಿ ಮತ್ತೆ ಸ್ಟೂಲಿನ ಮೇಲೆ ಕುಳಿತಳು. ಕಣ್ಣಿನಿಂದ ನೀರು ಇಳಿದು ಗಲ್ಲಕ್ಕೆ ಬಂತು, ಅವಳು ಒರೆಸಿಕೊಳ್ಳಲೂ ಇಲ್ಲ. "ಕಳ್ಳ," ಎಂದಳು ಫೋಟೋ ನೋಡುತ್ತ. "ಆಗ್ಲೂ ಹಿಂಗೇ. ಕಣ್ಣಾಮುಚ್ಚಾಲೆ ಆಡೋವಾಗ ಬಚ್ಚಿಟ್ಕೊಂಡ ಅಂದ್ರೆ, ನಾನು ಸೋತೆ ಅಂತ ಕೂಗಿದ್ರೂ ಹೊರಗೆ ಬರ್ತಿರಲಿಲ್ಲ."

"ಸಾರಿ ಅಜ್ಜಿ," ಎಂದಳು ಬುರುಡೆ.

"ಉಜ್ಜಿದ್ದಕ್ಕೆ ನಿಮ್ಮಮ್ಮ ಬೈತಾಳೆ. ಕಾಲಿನ ವಿಷಯಕ್ಕೆ ಬೈಯೋಕೆ ನನ್ನ ಹತ್ರ ಏನೂ ಇಲ್ಲ." ಅಜ್ಜಿ ಕೈ ಚಾಚಿದಳು. "ಯಾರಾದ್ರೂ ಆ ಬಾತುಕೋಳಿಗೆ ಫೋನ್ ಹಚ್ಚಿಕೊಡಿ. ಕಾಯ್ಕೊಂಡು ಕೂತಿರ್ತಾನೆ, ಪಾಪ."

ಮಾವ ಹಚ್ಚಿಕೊಟ್ಟ. ಅಜ್ಜಿ ಕನ್ನಡಕ ಹಾಕಿಕೊಂಡಳು, ಫೋನಿನಲ್ಲಿ ಮಾತಾಡಲು ಅದೂ ಬೇಕು ಎನ್ನುವ ಹಾಗೆ. "ಲೋ, ನೀನೇ ಗೆದ್ದೆ ಕಣೋ," ಎಂದಳು. "ಹೂಂ, ಬಾತುಕೋಳಿನೇ. ಸಿಕ್ತು."

ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಅಜ್ಜಿ ಕಾದಳು. ಜಗಳವಾಡುವವಳು ಅಷ್ಟು ಹೊತ್ತು ಸುಮ್ಮನೆ ಕಾಯುವುದನ್ನು ಬುರುಡೆ ಬೆರಗಿನಿಂದ ನೋಡಿದಳು. ಆಮೇಲೆ ಅಜ್ಜಿ, "ನೋಡಿದೋಳು ಇಲ್ಲೇ ಇದಾಳೆ, ಅವಳನ್ನೇ ಕೇಳು," ಎಂದು ಫೋನನ್ನು ಬುರುಡೆಯ ಕೈಗೆ ಕೊಟ್ಟಳು.

"ಏನು ನೋಡ್ದೆ ಮಗೂ?" ಎಂದಿತು ಒಂದು ಒಡಕು ದನಿ. "ಎಲ್ಲ ಹೇಳು."

"ಒಂದು ಕಾಲು, ತಾತ. ಹಳದಿ. ಮೂರು ಬೆರಳು, ಮಧ್ಯೆ ಚರ್ಮ."

"ಟೋಪಿ? ಅದರ ತಲೆ ಮೇಲೆ ಟೋಪಿ ಇತ್ತಂತೆ. ಅಮ್ಮ ಹೇಳ್ತಿದ್ಳು. ನಾನು ಚಿತ್ರಾನೂ ನೋಡಿಲ್ಲ, ಅಪ್ಪನ್ನೂ ನೋಡಿಲ್ಲ."

ಟೋಪಿ ತಕ್ಷಣ ಬಂದುಬಿಟ್ಟಿತು. ಕೆಂಪು ಟೋಪಿ, ವಾರೆಯಾಗಿ ಇಟ್ಟದ್ದು, ಮೇಲೊಂದು ಗರಿ. ಬುರುಡೆ ಅದನ್ನು ಗರಿಯ ಸಮೇತ ನುಂಗಿಕೊಂಡಳು.

"ಟೋಪಿ ನಾನು ನೋಡ್ಲಿಲ್ಲ ತಾತ. ಕಾಲು ಮಾತ್ರ."

ತಾತ ಮೂಗು ಸೀಟಿಕೊಂಡದ್ದು ಕೇಳಿಸಿತು. "ಸಾಕು," ಎಂದ. "ಕಾಲು ಸಾಕು ಕಣಮ್ಮ." ಸ್ವಲ್ಪ ತಡೆದು, "ಇನ್ನೊಂದ್ಸಲ ಹೇಳ್ತೀಯಾ?" ಎಂದು ಕೇಳಿದ.

ಬುರುಡೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೊದಲಿನಿಂದ ಹೇಳಿದಳು. ಎರಡನೇ ಸಲವೂ ಬೆರಳು ಮೂರೇ ಇದ್ದವು.