ಲಂಬು ಬಿದ್ದ ಸದ್ದು

“ಶುರು ಮಾಡು,” ಅಂದ ಅಣ್ಣ.

“ಮಾಡ್ತಾನೇ ಇದ್ದೀನಿ,” ಅಂದಳು ಗುಬ್ಬಿ, ಏದುಸಿರು ಬಿಡುತ್ತಾ.

ನಡುಮನೆಯಲ್ಲಿ ಹಾಸಿಗೆ ಹಾಸಿತ್ತು. ಗುಬ್ಬಿ ಅಣ್ಣನ ತೋಳು ಹಿಡಿದು, ತಿರುಗಿ, ಸೊಂಟ ಕೊಟ್ಟು ಎಳೆಯುತ್ತಿದ್ದಳು. ಅವನು ಬಾಳೆಹಣ್ಣು ತಿನ್ನುತ್ತಾ ಕಂಬದ ಹಾಗೆ ನಿಂತಿದ್ದ. ಅವಳ ಸೊಂಟದಲ್ಲಿ ಹೊಸ ಆರೆಂಜ್ ಬೆಲ್ಟ್ ಇತ್ತು. ಹಿಂದಿನ ದಿನವಷ್ಟೇ ಜೂಡೋ ಪರೀಕ್ಷೆ ಪಾಸಾಗಿ ಪಡೆದದ್ದು. ಅಮ್ಮ ಅದರ ಫೋಟೋವನ್ನು ‘ನಮ್ಮನೆ ಹುಲಿ’ ಅಂತ ಬರೆದು ನೆಂಟರಿಗೆಲ್ಲ ಕಳಿಸಿಯೂ ಆಗಿತ್ತು.

ಅಜ್ಜಿಗೆ ನೋಡಲಾಗಲಿಲ್ಲ. “ಬೀಳೋ, ಪಾಪ ಮಗು ಎಷ್ಟು ಒದ್ದಾಡ್ತಿದೆ!”

ಅಣ್ಣ ಸಿಪ್ಪೆಯನ್ನು ಅಜ್ಜಿಯ ಕೈಗೆ ಕೊಟ್ಟ. ಗುಬ್ಬಿ ಮತ್ತೆ ತಿರುಗಿದಳು. ಅವನು ದೊಪ್ಪೆಂದು ಬಿದ್ದ. ಅಜ್ಜಿ ಚಪ್ಪಾಳೆ ತಟ್ಟಿದರು.

ಆದರೆ ಗುಬ್ಬಿಗೆ ಗೊತ್ತಾಗಿಹೋಗಿತ್ತು. ಅವಳ ಸೊಂಟದ ಮೇಲೆ ಭಾರವೇ ಬಿದ್ದಿರಲಿಲ್ಲ. ಅವಳು ಎಳೆಯುವ ಮೊದಲೇ ಅಣ್ಣನೇ ಹಾರಿದ್ದ. ಪರೀಕ್ಷೆಯ ದಿನ ಲಂಬುವನ್ನು ಎಸೆದಾಗಲೂ ಹೀಗೇ ಹಗುರಾಗಿತ್ತು. ಆಗ ಅವಳು ತನಗೇ ಶಕ್ತಿ ಬಂದಿದೆ ಅಂದುಕೊಂಡಿದ್ದಳು.

ಲಂಬು ಅವಳ ಗೆಳತಿ, ಕ್ಲಾಸಿನಲ್ಲಿ ಅವಳ ಜೋಡಿ. ಗುಬ್ಬಿಗಿಂತ ಒಂದು ತಲೆ ಎತ್ತರ. ಅವಳಷ್ಟು ಚೆನ್ನಾಗಿ ಬೀಳುವವರು ಇನ್ನೊಬ್ಬರಿಲ್ಲ.

ಮರುದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಗುಬ್ಬಿ ಕೇಳಿಯೇಬಿಟ್ಟಳು. “ಪರೀಕ್ಷೇಲಿ ನೀನೇ ಹಾರಿದ್ಯಾ?”

ಲಂಬು ತನ್ನ ಬೆಲ್ಟಿನ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. “ಸ್ವಲ್ಪ.”

“ಕ್ಲಾಸಲ್ಲಿ?”

“ಕ್ಲಾಸಲ್ಲೂ. ಮೊದಲನೇ ಸಲ ನಾನು ಬೀಳದೇ ಇದ್ದಾಗ ನೀನು ಅತ್ತುಬಿಟ್ಟೆ. ಆಮೇಲೆ ಹಾಗೇ ಅಭ್ಯಾಸ ಆಗೋಯ್ತು.”

ಗುಬ್ಬಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಅಳುವೂ ಬಂತು. ಅತ್ತರೆ ಲಂಬು ಮತ್ತೆ ಹಾರುತ್ತಾಳೆ ಅಂತ ಅದನ್ನು ನುಂಗಿಕೊಂಡಳು. ಆರೆಂಜ್ ಬೆಲ್ಟನ್ನು ಬ್ಯಾಗಿಗೆ ತುರುಕಿ, ಹಳೆಯ ಹಳದಿ ಬೆಲ್ಟ್ ಕಟ್ಟಿಕೊಂಡಳು.

“ಇನ್ಮೇಲೆ ಹಾರ್ಬೇಡ,” ಅಂದಳು.

ಹಳದಿ ಬೆಲ್ಟ್ ನೋಡಿ ಕೋಚ್ ಮೇಡಂ ಕಾರಣ ಕೇಳಿದರು. ಗುಬ್ಬಿ ಎಲ್ಲವನ್ನೂ ಹೇಳಿದಳು. ಮೇಡಂ ಲಂಬುವನ್ನು ಸ್ವಲ್ಪ ಬೈದರು, ಸರಿಯಾಗಿ ನೋಡದೆ ಪಾಸು ಮಾಡಿದ್ದಕ್ಕೆ ತಮ್ಮನ್ನೂ ಸ್ವಲ್ಪ ಬೈದುಕೊಂಡರು. ಲಂಬು ನಿಜವಾಗಿ ಬಿದ್ದ ದಿನ ಆರೆಂಜ್ ಬೆಲ್ಟ್ ಕಟ್ಟಿಕೋ ಅಂದರು.

“ಬರೀ ಎಳೀಬೇಡ. ಮೊದಲು ಅವಳನ್ನ ಮುಂದಕ್ಕೆ ವಾಲಿಸು. ಅವಳ ಹಿಮ್ಮಡಿ ಏಳ್ಬೇಕು. ಆಮೇಲೆ ತಿರುಗು.”

ಹೇಳುವುದು ಸುಲಭ. ಲಂಬು ಮಾತು ಕೊಟ್ಟ ಹಾಗೆ ಹಾರಲಿಲ್ಲ, ಅಲುಗಾಡಲೂ ಇಲ್ಲ. ಜೋರಾಗಿ ಎಳೆದರೆ ಗುಬ್ಬಿಯೇ ಮುಗ್ಗರಿಸುತ್ತಿದ್ದಳು. ಎಷ್ಟೋ ವಾರ ಹೀಗೇ ಹೋಯಿತು.

“ಆರೆಂಜ್ ಬೆಲ್ಟ್ ಒಗೆಯೋಕೆ ಹಾಕಿದ್ಯಾ?” ಅಂತ ಅಜ್ಜಿ ಕೇಳಿದರು.

“ಅದಿನ್ನೂ ಬಂದಿಲ್ಲ ಅಜ್ಜಿ.”

“ಫೋಟೋದಲ್ಲಿ ಬಂದಿತ್ತಲ್ಲೇ?”

ಗುಬ್ಬಿ ಬ್ಯಾಗ್ ಹೆಗಲಿಗೇರಿಸಿ ಕ್ಲಾಸಿಗೆ ಹೊರಟಳು.

ಅವತ್ತು ಅವಳು ಅವಸರ ಮಾಡಲಿಲ್ಲ. ಲಂಬುವಿನ ತೋಳು ಹಿಡಿದು ಮೆಲ್ಲಗೆ ಮುಂದಕ್ಕೆ ವಾಲಿಸಿದಳು. ಹಿಮ್ಮಡಿ ಎದ್ದಿತು. ತಕ್ಷಣ ತಿರುಗಿದಳು. ಸೊಂಟದ ಮೇಲೆ ಧಡಕ್ಕನೆ ಭಾರ ಬಂತು. ಲಂಬು ಇಷ್ಟು ಭಾರ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಧಪ್!

ಎಲ್ಲರೂ ತಿರುಗಿ ನೋಡಿದರು. ಪೆಟ್ಟಾಗದಿರಲು ಬೀಳುವಾಗ ಕೈಯಿಂದ ಮ್ಯಾಟ್ ಬಡಿಯುವುದನ್ನೇ ಮರೆತ ಲಂಬು, ಬಾಯಿ ಬಿಟ್ಟುಕೊಂಡು ಸೂರು ನೋಡುತ್ತಿದ್ದಳು.

“ಹೇಳಿ ಎಸೀಬಾರ್ದೇನೇ?” ಅಂದಳು, ಮೊಣಕೈ ಉಜ್ಜಿಕೊಳ್ಳುತ್ತಾ.

ಗುಬ್ಬಿಗೆ ನಗು ತಡೆಯಲಾಗಲಿಲ್ಲ. ಬೆಲ್ಟ್ ತೆಗೆದುಕೊಂಡು ಬಾ ಅಂತ ಆ ಕಡೆಯಿಂದ ಮೇಡಂ ಕೂಗಿದರು. ಗುಬ್ಬಿ ಮೂಲೆಯಲ್ಲಿದ್ದ ಬ್ಯಾಗಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಕೈ ಕೊಟ್ಟು ಲಂಬುವನ್ನು ಎಬ್ಬಿಸಿದಳು.

“ಇನ್ನೊಂದ್ಸಲ ನಿಲ್ತೀಯಾ?”

ಲಂಬು ಕಾಲು ಅಗಲಿಸಿ ಗಟ್ಟಿಯಾಗಿ ನಿಂತಳು.