ಕರೆಂಟ್ ಹೋದಾಗ ಓಡುತ್ತಿದ್ದ ಸಾಲು

ಬೀದಿ ತುಂಬ ಬನ್ನು ಬಿದ್ದಿದ್ದವು.

ಸೊರಬದ ಬಸ್ ಸ್ಟ್ಯಾಂಡಿನಿಂದ ಹೊರಬರುತ್ತಲೇ ಬಿಂದುಶ್ರೀಯ ಚಪ್ಪಲಿಗೆ ಒಂದು ಸಿಕ್ಕಿತು. ಎದುರಿಗೆ ಜಮಾಲ್ ಸಾಬರ ಬೇಕರಿ. ಮುಂದಿನ ಗಾಜು ಒಂದೂ ಉಳಿದಿರಲಿಲ್ಲ. ನಾಯಿಗಳಿಗೆ ಹಬ್ಬ. ಮನುಷ್ಯರು ಮಾತ್ರ ಬನ್ನುಗಳನ್ನು ದೂರದಿಂದಲೇ ಬಳಸಿಕೊಂಡು ಹೋಗುತ್ತಿದ್ದರು.

ಜಮಾಲ್ ಸಾಬ್ ಮೆಟ್ಟಿಲ ಮೇಲೆ ಕೂತು ಗಾಜಿನ ಚೂರು ಆರಿಸಿ ಹಿಟ್ಟಿನ ಜರಡಿಗೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಕೇಬಲ್ ಟೀವಿಯಲ್ಲಿ ಬರೋದನ್ನೆಲ್ಲ ಓದಿ ಪಾಸ್ ಮಾಡೋರು ನೀವೇ ಅಲ್ವೇನಮ್ಮಾ?"

"ಹೌದು ಸಾಬ್ರೆ. ಆದ್ರೆ ಇದನ್ನ ನಾನು ಪಾಸ್ ಮಾಡಿಲ್ಲ."

"ಹಂಗಾದ್ರೆ ಯಾರು ಮಾಡಿದ್ರು ಅಂತ ಹುಡುಕಿ ಕೊಡಿ. ಊರು ನನ್ನ ಕೈಯಿಂದ ಒಂದು ಬಿಸ್ಕತ್ತೂ ತಗೊಳ್ತಿಲ್ಲ."

ಆಗಿದ್ದು ಇಷ್ಟು. ಶಿಕಾರಿಪುರದ ಆರಿಫ್ ರೇಡಿಯೋ ರಿಪೇರಿ ಬಿಟ್ಟು ಕೇಬಲ್ ಹಾಕಿದವನು. ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು ಕಂಟ್ರೋಲ್ ರೂಮು. ಸಂಜೆಯ ಸಿನಿಮಾ ಓಡುವಾಗ ಪರದೆಯ ಕೆಳಗೆ 'ಊರ ಮಾತು' ಅಂತ ಅಕ್ಷರಗಳ ಸಾಲು ಸರಿಯುತ್ತಿತ್ತು. ಕಳೆದುಹೋದ ಎಮ್ಮೆ, ಬಾರದ ನಲ್ಲಿ ನೀರು, ಬಾಗಿಲು ತೆರೆಯದ ರೇಷನ್ ಅಂಗಡಿ, ಯಾರು ಏನು ಬೇಕಾದರೂ ಚೀಟಿ ಬರೆದು ಪೆಟ್ಟಿಗೆಗೆ ಹಾಕಬಹುದು. ಓದಿ, ಬೈಗುಳ ತೆಗೆದು, ದೂರಿದ್ದರೆ ವಿಚಾರಿಸಿ, ಟೈಪ್ ಮಾಡುವುದು ಬಿಂದುಶ್ರೀಯ ಕೆಲಸ. ಮಧ್ಯಾಹ್ನದ ಬಸ್ಸಿನ ಡ್ರೈವರ್ ಕೈಗೆ ಫ್ಲಾಪಿ ಕೊಟ್ಟರೆ ಸಂಜೆಗೆ ಅದು ಸೊರಬದಲ್ಲೂ ಓಡುತ್ತಿತ್ತು. ಚೀಟಿಗಳ ನಡುವೆ ಅಂಗಡಿಗಳ ಜಾಹೀರಾತೂ ಅದೇ ಸಾಲಿನಲ್ಲಿ ಸರಿಯುತ್ತಿತ್ತು.

ನಿನ್ನೆ ಸಂಜೆ ಸೊರಬದ ಟೀವಿಗಳಲ್ಲಿ ಒಂದು ಸಾಲು ಸರಿದು ಬಂತು. 'ಜಮಾಲ್ ಸಾಬ್ ಬೇಕರಿಯ ಬನ್ನು ತಿಂದ ಮಕ್ಕಳಿಗೆ...' ಅಷ್ಟರಲ್ಲಿ ಕರೆಂಟ್ ಹೋಯಿತು. ಊರಿಗೆ ಊರೇ ಕತ್ತಲು. ಆ ಕತ್ತಲಲ್ಲಿ ಕೂತು ಪ್ರತಿಯೊಬ್ಬರೂ ವಾಕ್ಯವನ್ನು ತಾವೇ ಪೂರ್ತಿ ಮಾಡಿಕೊಂಡರು. ಒಂದು ಬೀದಿಯಲ್ಲಿ ಬನ್ನಿನೊಳಗೆ ಹಲ್ಲಿ ಬಿದ್ದಿತ್ತು, ಪಕ್ಕದ ಬೀದಿಯಲ್ಲಿ ಇಲಿ ಪಾಷಾಣ. ಸುದ್ದಿ ಊರಾಚೆ ಮುಟ್ಟುವಾಗ ಮಕ್ಕಳು ಸತ್ತೇ ಹೋಗಿದ್ದರು. ದೀಪ ಬಂದಾಗ ಬೇಕರಿಗೆ ಗಾಜಿರಲಿಲ್ಲ. ಆಸ್ಪತ್ರೆಯಲ್ಲಿ ಒಂದು ಮಗುವೂ ಇರಲಿಲ್ಲ.

*

ಸೊರಬದ ಕಂಟ್ರೋಲ್ ರೂಮು ನೋಡಿಕೊಳ್ಳುವವನು ಚನ್ನೇಶ್. ಅಲ್ಲಿಗೆ ಆರಿಫ್ ಆಗಲೇ ಬಂದು ಮುಖ ಊದಿಸಿಕೊಂಡು ನಿಂತಿದ್ದ.

ಬಿಂದುಶ್ರೀ ತಾನು ಕಳಿಸಿದ ಫ್ಲಾಪಿ ಹಾಕಿಸಿ ನೋಡಿದಳು. ಎಮ್ಮೆ ಇತ್ತು, ನಲ್ಲಿ ಇತ್ತು, ಬೇಕರಿ ಇರಲಿಲ್ಲ. ದಾರಿಯಲ್ಲಿ ಯಾರೂ ಕೈ ಹಾಕಿಲ್ಲ ಅಂತಾಯಿತು. ಹಾಗಾದರೆ ಉಳಿದವನು ಚನ್ನೇಶ್ ಒಬ್ಬನೇ. ಹೆಂಚಿಗೆ ಮೊಳೆ ಹೊಡೆದು ಕೇಬಲ್ ಎಳೆದ ಅಂತ ಹೋದ ತಿಂಗಳು ಜಮಾಲ್ ಸಾಬ್ ಅವನಿಗೆ ಬೀದಿಯಲ್ಲೇ ಉಗಿದಿದ್ದರು. ಆರಿಫ್ ಅದನ್ನು ಎತ್ತಿದ.

ಚನ್ನೇಶ್‌ಗೆ ಅಳುವೇ ಬಂದಂತಾಯಿತು. "ಅಣ್ಣಾ, ದಿನಾ ಬೆಳಿಗ್ಗೆ ನಾನು ಚಾ-ಬನ್ನು ತಿನ್ನೋದೇ ಅವ್ರ ಹತ್ರ. ಬೈತಾರೆ, ಬೈದು ಎರಡನೇ ಬನ್ನು ಹಾಕ್ತಾರೆ. ನನ್ನ ಹೊಟ್ಟೆ ಮೇಲೆ ನಾನೇ ಯಾಕೆ ಹೊಡ್ಕೊಳ್ಲಿ?"

ಬಿಂದುಶ್ರೀಗೆ ಆ ಮಾತು ನಿಜ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಸಾಕ್ಷಿ ಅಂತ ಯಾರ ಮುಂದೆ ಇಡುವುದು?

*

ಮಧ್ಯಾಹ್ನ ಶಿಕಾರಿಪುರದಲ್ಲಿ, ಪರಮಶಿವಪ್ಪನವರ ಜವಳಿ ಅಂಗಡಿಯಲ್ಲಿ ಪಂಚಾಯ್ತಿ ಕೂತಿತು. ಪರಮಶಿವಪ್ಪನವರು ಪೇಟೆಯ ಹಿರಿಯರು. ಕೇಬಲ್ ತಂತಿ ಹಾದುಹೋಗುವುದೇ ಅವರ ಮಾಳಿಗೆಗಳ ಮೇಲೆ. ಅವರು ಬೇಡ ಎಂದರೆ ಕೇಬಲ್ಲೂ ಇಲ್ಲ.

ಹೆಚ್ಚು ಮಾತಾಡಿದ್ದು ಬೀಜ-ಗೊಬ್ಬರದ ಅಂಗಡಿಯ ಗುರುಪ್ರಕಾಶ್. ಬಿಳಿ ಅಂಗಿ, ನಯವಾದ ದನಿ.

"ಹಳೇ ಡಾಲ್ಡಾ ಹಾಕಿದ್ರಿಂದ ಮಕ್ಕಳಿಗೆ ವಾಂತಿಯಾಯ್ತು ಅಂತ ಟೀವಿಯಲ್ಲಿ ಹಸಿಹಸಿಯಾಗಿ ಬರುತ್ತೆ ಅಂದ್ರೆ ಏನ್ರೀ ಇದು? ಪಾಪದ ಸಾಬಿ. ಇವತ್ತು ಅವನು, ನಾಳೆ ನಾವು. ಪೆಟ್ಟಿಗೆಗೆ ಬೀಗ ಹಾಕಿ. ಸದ್ಯ ಬೇಕಾದ್ರೆ ಕೀ ನನ್ನ ಹತ್ರ ಇರ್ಲಿ. ಯಾವುದು ಹಾಕ್ಬೇಕು, ಯಾವುದು ಬಿಡ್ಬೇಕು, ಹಿರಿಯರು ಕೂತು ನೋಡಿದ್ರಾಯ್ತು. ಈ ಯಮ್ಮನ ಕೈಲಿ ಆಗೋ ಕೆಲಸ ಅಲ್ಲ."

ಎಲ್ಲರೂ ತಲೆಯಾಡಿಸಿದರು. ಪರಮಶಿವಪ್ಪನವರು ನಾಳೆ ಸಂಜೆವರೆಗೆ ಗಡುವು ಕೊಟ್ಟರು. ಯಾರು ಮಾಡಿದ್ದು ಅಂತ ತೋರಿಸದಿದ್ದರೆ ಕೀ ಗುರುಪ್ರಕಾಶರಿಗೆ, ಬಿಂದುಶ್ರೀ ಮನೆಗೆ. ಅಲ್ಲಿಯವರೆಗೆ 'ಊರ ಮಾತು' ಬಂದ್.

ಬಿಂದುಶ್ರೀ ಹೊರಗೆ ಬಂದಳು. ಸಂಬಳ ಹೋಗುವ ಭಯ ಇತ್ತು, ಇಲ್ಲ ಅನ್ನುವಂತಿಲ್ಲ. ಆದರೆ ಅದಕ್ಕಿಂತ ಇನ್ನೊಂದು ಕೊರೆಯುತ್ತಿತ್ತು. ಗುರುಪ್ರಕಾಶರ ಅಂಗಡಿಯ ಜೋಳದ ಬೀಜ ಮೊಳೆತಿಲ್ಲ ಅಂತ ತೊಗರ್ಸಿ ಕಡೆಯ ರೈತರು ಮೊನ್ನೆ ಚೀಟಿ ಹಾಕಿದ್ದರು. ಒಂದು ಕಡೆಯ ಮಾತು ಕೇಳಿ ಹಾಕಬಾರದು ಅಂತ ಅವಳೇ ಗುರುಪ್ರಕಾಶರ ಅಂಗಡಿಗೆ ಹೋಗಿ ವಿಚಾರಿಸಿದ್ದಳು. ಅವರು ನಗುತ್ತಾ ಸೋಡಾ ತರಿಸಿ ಕೊಟ್ಟಿದ್ದರು. ಬಿತ್ತನೆ ಇನ್ನೂ ನಡೆದಿದೆ. ಈ ವಾರ ಪೆಟ್ಟಿಗೆ ಮುಚ್ಚಿದರೆ ಯಾರಿಗೆ ಲಾಭ?

ಆದರೆ ಆ ಮನುಷ್ಯ ಇರುವುದು ಶಿಕಾರಿಪುರದಲ್ಲಿ. ಸಾಲು ಓಡಿದ್ದು ಸೊರಬದಲ್ಲಿ. ಹೇಗೆ?

*

ಮರುದಿನ ಮಗಳನ್ನು ಪಕ್ಕದ ಮನೆಯ ವೀರಮ್ಮನ ಹತ್ತಿರ ಬಿಟ್ಟು ಮತ್ತೆ ಸೊರಬದ ಬಸ್ಸು ಹತ್ತಿದಳು. ಆ ಸಾಲಿಗೆ ಮುಂಚೆ ಪರದೆಯಲ್ಲಿ ಏನು ಓಡಿತ್ತು ಅಂತ ಮನೆಮನೆ ಕೇಳಿದಳು. ಕೊನೆ ಏನಾಯಿತು ಅಂತ ಎಲ್ಲರಿಗೂ ಗೊತ್ತು, ಅದೂ ಬಗೆಬಗೆಯಾಗಿ. ಮೊದಲು ಏನಿತ್ತು ಅಂತ ಒಬ್ಬರಿಗೂ ನೆನಪಿಲ್ಲ.

ಸೋತು ಕಂಟ್ರೋಲ್ ರೂಮಿಗೆ ಬಂದರೆ ಚನ್ನೇಶ್ ಫೋನಿನಲ್ಲಿ ಯಾರಿಗೋ ಗೋಗರೆಯುತ್ತಿದ್ದ. ಇಟ್ಟವನೇ ಬೈದುಕೊಂಡ.

"ಜಾಹೀರಾತಿನವರ ಕಾಟ ಅಕ್ಕ. ಮೊನ್ನೆ ಕರೆಂಟ್ ಹೋಗಿ ಎಲ್ಲರದ್ದೂ ತುಂಡಾಯ್ತಲ್ಲ. ಸೀರೆ ಅಂಗಡಿ, ಲಾಡ್ಜು, ಟೈಲರು, ಎಲ್ಲರಿಗೂ ಮತ್ತೆ ಓಡಿಸಬೇಕಂತೆ."

ಅದು ಅಲ್ಲಿನ ಪದ್ಧತಿ. ಕರೆಂಟ್ ನುಂಗಿದ ಜಾಹೀರಾತನ್ನು ಮರುದಿನ ಪುಕ್ಕಟೆ ಹಾಕಬೇಕು.

"ಎಲ್ಲರೂ ಕೇಳಿದ್ರಾ?"

"ಗುರುಪ್ರಕಾಶಣ್ಣ ಒಬ್ರೇ ಬೇಡ ಅಂದಿದ್ದು. ನಿನ್ನೆ ಬೆಳಿಗ್ಗೆ ಆಳು ಕಳಿಸಿ ಫ್ಲಾಪಿನೇ ವಾಪಸ್ ಇಸ್ಕೊಂಡ್ರು."

ಬಿಂದುಶ್ರೀ ಕುರ್ಚಿಯಿಂದ ಎದ್ದಳು. ಹೋದ ವರ್ಷ ಕರೆಂಟ್ ಹೋಗಿ ಫೋನ್ ನಂಬರಿನ ತುದಿ ಕತ್ತರಿಸಿಹೋಯಿತು ಅಂತ ಶಿಕಾರಿಪುರದಿಂದ ಸ್ಕೂಟರ್ ಹೊಡೆದುಕೊಂಡು ಬಂದು ಮರುಪ್ರಸಾರ ಮಾಡಿಸಿಕೊಂಡು ಹೋದ ಮನುಷ್ಯ ಅದು. ಈಗ, ಬಿತ್ತನೆ ಕಾಲದಲ್ಲಿ, ಬೇಡ ಅಂದರಂತೆ!

"ಚನ್ನೇಶ, ಜಾಹೀರಾತು ಯಾರು ಓದಿ ಪಾಸ್ ಮಾಡ್ತಾರೆ?"

"ಯಾರೂ ಇಲ್ಲ. ದುಡ್ಡು ಕೊಟ್ಟವರದ್ದು ಏನು ಓದೋದು? ಅವ್ರ ಅಂಗಡೀಲೇ ಕಂಪ್ಯೂಟರ್ ಐತಿ, ಟೈಪ್ ಮಾಡಿ ಸೀದಾ ಇಲ್ಲಿಗೆ ಕಳಿಸ್ತಾರೆ."

"ಫ್ಲಾಪಿ ಹೋಯ್ತಲ್ಲ..."

"ಹೋದ್ರೇನು? ಈ ಥಂಡಿಗೆ ಫ್ಲಾಪಿ ಬೂಷ್ಟು ಹಿಡಿತಾವೆ. ನಾನು ಎಲ್ಲಾನೂ ಕಂಪ್ಯೂಟರೊಳಗೆ ಇಳಿಸ್ಕೊಂಡೇ ಓಡಿಸೋದು."

ತೆರೆದರು. ಉತ್ತಮ ಬೀಜ, ನಂಬಿಕೆಯ ಅಂಗಡಿ, ಫೋನ್ ನಂಬರು. ಮುಗಿಯಿತು. ಚನ್ನೇಶ್ ಕೈ ತೆಗೆದ. ಬಿಂದುಶ್ರೀ ತಾನೇ ಕೀಲಿ ಒತ್ತುತ್ತಾ ಕೆಳಗೆ ಹೋದಳು. ಖಾಲಿ. ಇನ್ನೂ ಖಾಲಿ. ಆಮೇಲೆ ಆ ಸಾಲು ಬಂತು, ಪೂರ್ತಿಯಾಗಿ. ಅದರ ತುದಿಯ ಮಾತನ್ನು ಅವಳು ಎರಡು ಸಲ ಓದಿದಳು.

*

ಸಂಜೆ ಎಲ್ಲರನ್ನೂ ಶಿಕಾರಿಪುರದ ಕೇಬಲ್ ಆಫೀಸಿಗೇ ಕರೆಸಿದಳು. ಜಮಾಲ್ ಸಾಬರೂ ಬಂದಿದ್ದರು. ಪರಮಶಿವಪ್ಪನವರ ಪಕ್ಕ ಸಬ್ ಇನ್ಸ್‌ಪೆಕ್ಟರು ಕೂತಿದ್ದರು. ಪರದೆಯ ಮೇಲೆ ಬೀಜದ ಜಾಹೀರಾತು, ಖಾಲಿ ಜಾಗ, ಕೊನೆಗೆ ಸಾಲು: 'ಜಮಾಲ್ ಸಾಬ್ ಬೇಕರಿಯ ಬನ್ನು ತಿಂದ ಮಕ್ಕಳಿಗೆ ವಾಂತಿ. ಹಳೇ ಡಾಲ್ಡಾ ಕಾರಣ.'

ಗುರುಪ್ರಕಾಶ್ ನಕ್ಕರು. "ನನ್ನ ಜಾಹೀರಾತಿನ ಬಾಲಕ್ಕೆ ಸೊರಬದಲ್ಲಿ ಯಾರೋ ಕಟ್ಟಿದಾರೆ. ಆ ಹುಡುಗನ್ನ ಕೇಳಿ."

"ಸರಿ, ಸಾಬ್ರನ್ನ ಕೇಳೋಣ," ಅಂದಳು ಬಿಂದುಶ್ರೀ. "ಸಾಬ್ರೆ, ನಿಮ್ಮೂರಲ್ಲಿ ಜನ ನಿಮಗೆ ಏನೇನಂತ ಬೈದ್ರು?"

"ಹಲ್ಲಿ ಅಂದ್ರು. ಪಾಷಾಣ ಅಂದ್ರು. ಸೋಪಿನ ಪುಡಿ ಅಂದ್ರು. ಹೇಳೋಕಾಗದ್ದೂ ಅಂದ್ರು."

"ಡಾಲ್ಡಾ?"

"ಇಲ್ಲ. ಡಾಲ್ಡಾ ಅಂತ ಯಾರೂ ಅಂದಿಲ್ಲ."

"ಯಾಕಂದ್ರೆ ಅಷ್ಟರಲ್ಲಿ ಕರೆಂಟ್ ಹೋಗಿತ್ತು. 'ಮಕ್ಕಳಿಗೆ' ಅನ್ನೋದರ ಮುಂದೆ ಯಾರೂ ಓದಿಲ್ಲ. ಚನ್ನೇಶನೂ ಇವತ್ತೇ ಓದಿದ್ದು." ಅವಳು ತಿರುಗಿದಳು. "ಗುರುಪ್ರಕಾಶಣ್ಣ, ನಿನ್ನೆ ಮಧ್ಯಾಹ್ನ ಇವರೆಲ್ಲರ ಮುಂದೆ ಡಾಲ್ಡಾ, ವಾಂತಿ ಎರಡನ್ನೂ ಸೇರಿಸಿ ಹೇಳಿದ್ರಿ. ಪರದೆಗೆ ಬರದೇ ಇದ್ದಿದ್ದು ನಿಮಗೆ ಹೆಂಗೆ ಗೊತ್ತಾಯ್ತು?"

ಅವಳು ಬಿಡಿಸಿ ಹೇಳಿದಳು. ಚೀಟಿಗಳಿಗೆ ಕಾವಲಿತ್ತು, ಜಾಹೀರಾತಿಗಿರಲಿಲ್ಲ. ನಡುವೆ ಖಾಲಿ ಬಿಟ್ಟು ಸುಳ್ಳನ್ನು ಆ ದಾರಿಯಲ್ಲಿ ನುಗ್ಗಿಸಿದರೆ ಅದು ಚೀಟಿಯ ಮಾತಿನಂತೆಯೇ ಕಾಣುತ್ತದೆ, ಜನ ಬೈಯುವುದು ಪೆಟ್ಟಿಗೆಯನ್ನೇ. ಪೆಟ್ಟಿಗೆ ಮುಚ್ಚಿದರೆ ಮೊಳೆಯದ ಬೀಜದ ಮಾತೂ ಮುಚ್ಚಿಹೋಗುತ್ತದೆ. ಮತ್ತೆ ಓಡಿಸಿದರೆ ಆ ಸಾಲು ತಮ್ಮ ಜಾಹೀರಾತಿನ ಬಾಲದಲ್ಲೇ ಬರುವುದು ಕಾಣುತ್ತದೆ ಅಂತ ಹೆದರಿ ಫ್ಲಾಪಿ ತರಿಸಿಕೊಂಡರು. ಅಲ್ಲೇ ಸಿಕ್ಕಿಬಿದ್ದರು.

ಪರಮಶಿವಪ್ಪನವರು ಏನು ಹೇಳುತ್ತೀಯ ಎಂಬಂತೆ ನೋಡಿದರು. ಗುರುಪ್ರಕಾಶ್ ನೆಲ ನೋಡುತ್ತಾ, "ಬಿತ್ತನೆ ಮುಗಿಯೋವರೆಗೆ ಪೆಟ್ಟಿಗೆ ಬಂದ್ ಆಗಿದ್ರೆ ಸಾಕಿತ್ತು. ಗಾಜು ಒಡೀತಾರೆ ಅಂದ್ಕೊಂಡಿರ್ಲಿಲ್ಲ," ಅಂದರು.

"ನನ್ನ ಹೆಸರೇ ಯಾಕೆ?" ಜಮಾಲ್ ಸಾಬ್ ಕೇಳಿದರು. "ನಿಮ್ಮ ಅಂಗಡಿ ಮುಂದೆ ಒಂದಿನಾನೂ ಹಾದು ಹೋದವನಲ್ಲ ನಾನು."

"ನಿಮ್ಮದಾದ್ರೆ ಜನ ಬೇಗ ನಂಬ್ತಾರೆ ಅಂತ."

ಇನ್ಸ್‌ಪೆಕ್ಟರು ಟೋಪಿ ಎತ್ತಿಕೊಂಡರು.

*

ಗುರುಪ್ರಕಾಶರನ್ನು ಕೂರಿಸಿಕೊಂಡು ಪೊಲೀಸ್ ಜೀಪು ಹೋದ ಮೇಲೂ ಜಮಾಲ್ ಸಾಬ್ ಎದ್ದಿರಲಿಲ್ಲ.

"ಹಾಕಿ," ಅಂದರು. "ಬೇಕರಿ ಮೇಲೆ ಬಂದಿದ್ದು ಸುಳ್ಳು ಅಂತ. ಯಾರು ಹಾಕಿಸಿದ್ದು ಅಂತ ಹೆಸರು ಸಮೇತ. ಸುಳ್ಳಿಗೆ ಹೆಸರು ಇತ್ತು, ನಿಜಕ್ಕೆ ಬೇಡ್ವಾ?"

ಬಿಂದುಶ್ರೀ ಹೆಸರು ಸಮೇತ ಟೈಪ್ ಮಾಡಿದಳು. ಬೀಜ ಮೊಳೆಯದವರು ಸ್ಯಾಂಪಲ್ಲು ಹಿಡಿದು ಕೃಷಿ ಆಫೀಸಿಗೆ ಬನ್ನಿ ಅಂತ ಸೇರಿಸಿದಳು.

"ಫೈಟಿಂಗ್ ಸೀನಲ್ಲಿ ಬಿಡಿ," ಅಂದರು ಸಾಬರು. "ಆಗ ಒಬ್ರೂ ಎದ್ದು ಹೋಗಲ್ಲ."

ಅವಳು ನಕ್ಕಳು. ನಗುತ್ತಲೇ ಕೆಳಗೆ ಇನ್ನೊಂದು ಸಾಲು ಹೊಡೆದಳು: 'ಇದನ್ನು ಓದಿ ಒಪ್ಪಿದವರು ಬಿಂದುಶ್ರೀ, ಕೇಬಲ್ ಆಫೀಸು, ಶಿಕಾರಿಪುರ.'

ಆರಿಫ್ ಗಾಬರಿಯಾದ. "ನಿಮ್ಮ ಹೆಸರು ಯಾಕೆ ಅಕ್ಕ? ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಕಲ್ಲು ಸೀದಾ ನಿಮ್ಮನೆಗೆ ಬರುತ್ತೆ."

"ಬರ್ಲಿ. ಬೇರೆಯವ್ರ ಮನೆಗಂತೂ ಹೋಗಲ್ಲ."

ಫ್ಲಾಪಿ ತೆಗೆದು ಅವನ ಕೈಗಿಟ್ಟು, ಸೊರಬದ ಬಸ್ಸು ಹೊರಡುವ ಮುಂಚೆ ಓಡು ಅಂದಳು.